ಗಂಟಿಲ್ಲದ ದಾರದ ಗಣಿತ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕಲೆಗೆ ಸಿಗುವುದು ಹೆಚ್ಚಾಗಿ ಅಲಂಕಾರದ ಕೆಲಸ. ಥರ್ಮೊಕೋಲಿನ ಗ್ರಹಗಳಿಗೆ ಬಣ್ಣ ಬಳಿಯಲು, ಪರಿಸರ ಗೀತೆಗೆ ಹೆಜ್ಜೆ ಹಾಕಲು ಮಕ್ಕಳನ್ನು ಕರೆಯುತ್ತಾರೆ. ವಿಜ್ಞಾನ ತನ್ನ ಪಾಡಿಗೆ ಚಾರ್ಟಿನ ಮೇಲೆ ಉಳಿಯುತ್ತದೆ. ಧಾರವಾಡದಂಥ ಊರಿನಲ್ಲಿ ಇದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ. ಇಲ್ಲಿನ ಕಸೂತಿಯ ಒಂದು ಹೊಲಿಗೆಯಲ್ಲೇ ಇಡೀ ತರಗತಿಗೆ ಸಾಕಾಗುವಷ್ಟು ಗಣಿತವಿದೆ.

ಕಸೂತಿಯಲ್ಲಿ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ನಕ್ಷೆ ಬರೆದುಕೊಳ್ಳುವ ಸಂಪ್ರದಾಯವಿಲ್ಲ. ನೇಯ್ಗೆಯ ಎಳೆ ಎಣಿಸುತ್ತಲೇ ತೇರು, ಗೋಪುರ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿಯ ಕಟ್ಟುನಿಟ್ಟು ಇನ್ನೂ ಹೆಚ್ಚು. ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆ ಮಗುಚಿದರೂ ಅದೇ ಚಿತ್ತಾರ ಕಾಣಬೇಕು.

ಅಧಿಕ ಚಿಹ್ನೆಯಷ್ಟು ಸರಳವಾದ ಹೂವೊಂದನ್ನು ತೆಗೆದುಕೊಳ್ಳೋಣ. ನಡುವಿನ ತೂತಿನಿಂದ ಸೂಜಿ ಮೇಲೆ ಬರುತ್ತದೆ, ಒಂದು ತೋಳಿನ ತುದಿಯಲ್ಲಿ ಕೆಳಗಿಳಿಯುತ್ತದೆ. ಬಟ್ಟೆಯ ಅಡಿಯಲ್ಲಿ ಅದೇ ತೋಳಿನಗುಂಟ ಹಿಂದಿರುಗಿ ಮತ್ತೆ ನಡುವಿನಲ್ಲೇ ಮೇಲೇಳುತ್ತದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ. ನಾಲ್ಕೂ ತೋಳು ಹೀಗೆ ಮುಗಿದಾಗ ದಾರ ಹೊರಟಲ್ಲಿಗೇ ಬಂದಿರುತ್ತದೆ. ತೋಳು ಮೂರು ಹೊಲಿಗೆಯಷ್ಟು ಉದ್ದವಿದ್ದರೆ, ಹೋಗುವಾಗ ಒಂದು ಬಿಟ್ಟು ಒಂದು ಮೇಲೆ ಬೀಳುತ್ತದೆ. ಬಿಟ್ಟದ್ದನ್ನು ಬರುವಾಗ ತುಂಬುತ್ತಾರೆ. ಈಗ ಇದೇ ಚಿಹ್ನೆಯನ್ನು ಪೆನ್ಸಿಲ್ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ ಬಿಡಿಸಿ ನೋಡಿ. ಆಗುವುದಿಲ್ಲ.

ಏಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ 1736ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಬರೆದದ್ದು. ಕೋನಿಗ್ಸ್‌ಬರ್ಗ್ ಪಟ್ಟಣವನ್ನು ನದಿ ನಾಲ್ಕು ಭಾಗ ಮಾಡಿತ್ತು, ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ? ಒಂದು ಜಾಗಕ್ಕೆ ಬರಲು ಒಂದು ಸೇತುವೆ, ಹೊರಡಲು ಇನ್ನೊಂದು ಬೇಕು. ಅಂದರೆ ಹೊರಟ ಮತ್ತು ಮುಗಿಸಿದ ಜಾಗಗಳನ್ನುಳಿದು ಎಲ್ಲೆಡೆ ಸಮಸಂಖ್ಯೆಯ ಸೇತುವೆಗಳಿರಬೇಕು. ಅಲ್ಲಿ ಒಂದು ಭಾಗಕ್ಕೆ ಐದು, ಉಳಿದ ಮೂರಕ್ಕೆ ತಲಾ ಮೂರು. ನಾಲ್ಕೂ ಬೆಸ, ಹಾಗಾಗಿ ಆಗದು. ನಮ್ಮ ಚಿಹ್ನೆಯ ತುದಿಗಳೂ ನಾಲ್ಕು, ಒಂದೊಂದಕ್ಕೆ ಒಂದೇ ಗೆರೆ.

ಗವಂತಿ ಈ ತೊಡಕನ್ನು ದಾಟುವುದು ಪ್ರತಿ ಗೆರೆಯನ್ನೂ ಎರಡು ಸಲ ನಡೆದು. ಯಾವ ಬೆಸ ಸಂಖ್ಯೆಯಾದರೂ ಇಮ್ಮಡಿಸಿದರೆ ಸಮವೇ. ಹಾಗಾಗಿ ತೇರು ಎಷ್ಟೇ ಜಟಿಲವಾಗಿರಲಿ, ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಮೇಲೆ ಕೆಳಗೆ ಎಂಬ ಸರದಿ ತಪ್ಪದೆ ಮೊದಲಿನ ತೂತಿಗೇ ಮರಳುವ ದಾರಿ ಇದ್ದೇ ಇರುತ್ತದೆ. ದಾರಿಯಿದೆ ಎಂದು ಗಣಿತ ಭರವಸೆ ಕೊಡುತ್ತದೆ. ಕವಲಿನಲ್ಲಿ ಯಾವ ಕಡೆ ಹೊರಳಬೇಕೆಂಬುದು ಕಸೂತಿ ಹಾಕುವವಳ ಲೆಕ್ಕ. ಆಯ್ಲರನ ಹೆಸರು ಕೇಳದ ಅಜ್ಜಿಯರು ಅದನ್ನು ಮಾತಾಡುತ್ತಲೇ ಮಾಡಿ ಮುಗಿಸುತ್ತಿದ್ದರು.

ಕಲೆಯಿಂದ ವಿಜ್ಞಾನ ಕಲಿತದ್ದೂ ಉಂಟು. ತಂತಿಗಳನ್ನು ಹೊರುವ ‘ಕುದುರೆ’ ಎಂಬ ಪಟ್ಟಿಯ ಮೇಲೆ ತಂತಿಯಡಿ ಸಿಕ್ಕಿಸುವ ಹತ್ತಿ ಎಳೆಯಿಂದ ತಂಬೂರಿಗೆ ಬರುವ ಝೇಂಕಾರವನ್ನು ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದರು. ಮೀಟಿದ ಜಾಗದಿಂದಾಗಿ ಕೇಳಿಸಲೇಬಾರದೆಂದು ಹಳೆಯ ನಿಯಮ ಹೇಳುವ ಉಪಸ್ವರಗಳೂ (ಮೂಲಸ್ವರದ ಜತೆ ಹೊಮ್ಮುವ ಮೇಲಿನ ಸ್ವರಗಳು) ಅದರಲ್ಲಿ ಕೇಳಿಸುತ್ತಿದ್ದವು. ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಧ್ವನಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಅಂಥಲ್ಲಿ ಒಂದು ಮೇಜು, ದೊಡ್ಡ ತೂತಿನ ಜಾಳು ಬಟ್ಟೆ, ಮೊಂಡು ಸೂಜಿ, ಪಕ್ಕದಲ್ಲಿ ಕಸೂತಿ ಬಲ್ಲ ಒಬ್ಬರು ಇದ್ದರೆ ಸಾಕು. ಅವರಿಗೆ ಸಂಪನ್ಮೂಲ ವ್ಯಕ್ತಿಯ ಗೌರವಧನವನ್ನೇ ಕೊಡಬೇಕು, ಬರೀ ಹಾರ ಶಾಲು ಹಾಕಿ ಕಳಿಸಬಾರದು. ಮಗು ದಾರಿ ತಪ್ಪಿದರೆ ಬಟ್ಟೆಯ ಬೆನ್ನೇ ತೋರಿಸಿಕೊಡುತ್ತದೆ. ಗೆರೆಗಳು ಒಂದನ್ನೊಂದು ಅಡ್ಡ ದಾಟುವ ಮೆಂತಿ ಹೊಲಿಗೆಗೆ ಈ ಮೇಜು ಆಗದು. ಅದರ ಎರಡು ಬದಿಗಳು ಒಂದೇ ಆಗಿರಬೇಕಿಲ್ಲ, ಲೆಕ್ಕವೂ ಬೇರೆ.