ಯೂನಿಕಾರ್ನ್ ಮೊದಲು ಕತ್ತೆಯಾಗಿತ್ತು

ಯೂನಿಕಾರ್ನ್ ಅಂದರೆ ಒಬ್ಬರಿಗೆ ಹೋಂಡಾ ಬೈಕು, ಇನ್ನೊಬ್ಬರಿಗೆ ಸ್ಟಾರ್ಟ್‌ಅಪ್ಪು, ಮನೆಯ ಮಗುವಿಗೆ ಸ್ಕೂಲ್ ಬ್ಯಾಗಿನ ಮೇಲಿರುವ ಒಂಟಿ ಕೊಂಬಿನ ಗುಲಾಬಿ ಕುದುರೆ. ಆದರೆ ಪಶ್ಚಿಮದಲ್ಲಿ ಈ ಪ್ರಾಣಿಯ ಬಗ್ಗೆ ಸಿಗುವ ಮೊದಲ ಬರಹದಲ್ಲಿ ಕುದುರೆಯೇ ಇಲ್ಲ. ಅಲ್ಲಿರುವುದು ಕಾಡುಕತ್ತೆ. ಅದೂ ಭಾರತದ್ದು!

ಬರೆದವನು ಕ್ಟೀಸಿಯಸ್. ಕ್ರಿ.ಪೂ. 400ರ ಸುಮಾರಿಗೆ ಪರ್ಷಿಯದ ದೊರೆಯ ಬಳಿ ಇದ್ದ ಗ್ರೀಕ್ ವೈದ್ಯ. ಭಾರತವನ್ನು ಕಂಡವನಲ್ಲ, ಬಂದುಹೋಗುವವರ ಮಾತು ಕೇಳಿ ಪುಸ್ತಕ ಮಾಡಿದ. ಅವನ ಕತ್ತೆಗೆ ಬಿಳಿ ಮೈ, ಕಡುಗೆಂಪು ತಲೆ, ನೀಲಿ ಕಣ್ಣು. ಹಣೆಯಲ್ಲಿ ಮೊಳದುದ್ದದ ಕೊಂಬು: ಬುಡ ಬಿಳಿ, ನಡು ಕಪ್ಪು, ತುದಿ ಕೆಂಪು. ಆ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ಏರುವುದಿಲ್ಲವಂತೆ. ಘೇಂಡಾಮೃಗದ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತಾ ಹೀಗಾಗಿರಬೇಕು.

ಮುಂದೆ ಕ್ರೈಸ್ತ ಕಥೆಗಳಲ್ಲಿ ಅದು ಪುಟ್ಟ ಮೇಕೆಯಂತಾಯಿತು. ಬೇಟೆಗಾರರಿಗೆ ಸಿಗದು, ಕನ್ಯೆಯೊಬ್ಬಳು ಕೂತರೆ ತಾನಾಗಿ ಬಂದು ಮಡಿಲಿಗೆ ತಲೆಯಿಡುತ್ತದೆ. ಇದನ್ನು ಓದಿದಾಗ ನಮಗೆ ಋಷ್ಯಶೃಂಗ ನೆನಪಾಗದೆ ಇರುತ್ತಾನೆಯೇ? ಮಹಾಭಾರತದಲ್ಲಿ ಅವನ ತಲೆಯ ಮೇಲೂ ಕೊಂಬಿದೆ. ಹೆಣ್ಣನ್ನೇ ಕಾಣದೆ ಬೆಳೆದ ಅವನನ್ನು ಅಂಗದೇಶಕ್ಕೆ ಕರೆತರಲು ದೊರೆ ಕಳಿಸಿದ್ದೂ ಹೆಂಗಸರನ್ನೇ. ಅವನು ಬಂದ, ಮಳೆಯೂ ಬಂತು. ಶೃಂಗೇರಿ ಪಕ್ಕದ ಕಿಗ್ಗದಲ್ಲಿ ಇವತ್ತಿಗೂ ಅವನ ಹೆಸರಿನ ಗುಡಿಯಲ್ಲಿ ಮಳೆಗಾಗಿ ಪೂಜೆ ನಡೆಯುತ್ತದೆ. ಎರಡು ಕಥೆಗಳ ಬೇರು ಒಂದೇ ಎನ್ನುವ ವಿದ್ವಾಂಸರಿದ್ದಾರೆ. ನನಗೂ ಹಾಗೇ ಅನಿಸುತ್ತದೆ, ಪುರಾವೆ ಮಾತ್ರ ಕಮ್ಮಿ.

ಯೂರೋಪಿನಲ್ಲಿ ಕಥೆಗಿಂತ ಜೋರಾಗಿ ನಡೆದದ್ದು ಕೊಂಬಿನ ವ್ಯಾಪಾರ. ವಿಷದ ಭಯ ಇದ್ದ ರಾಜರು ಅದಕ್ಕೆ ಚಿನ್ನಕ್ಕಿಂತ ಜಾಸ್ತಿ ಸುರಿದರು. ಔಷಧಿ ಅಂಗಡಿಗಳಲ್ಲಿ ಅದರ ಪುಡಿ ಮಾರುತ್ತಿದ್ದರು. ನಿಜಕ್ಕೂ ಅದು ಉತ್ತರದ ಹಿಮಸಮುದ್ರದ ನಾರ್ವಾಲ್ ತಿಮಿಂಗಿಲದ ಹಲ್ಲು. ಗಂಡಿನ ಮೇಲ್ದವಡೆಯ ಎಡಹಲ್ಲು ತುಟಿ ಸೀಳಿಕೊಂಡು, ತಿರುಚುತ್ತಾ ಎರಡೂವರೆ ಮೀಟರಿಗೂ ಹೆಚ್ಚು ಬೆಳೆಯುತ್ತದೆ. ಚಿತ್ರಗಳಲ್ಲಿ ಯೂನಿಕಾರ್ನ್ ಕೊಂಬಿಗೆ ಇರುವ ಆ ಸುರುಳಿ ಇಲ್ಲಿಂದಲೇ ಬಂದದ್ದು. 1638ರಲ್ಲಿ ಕೋಪನ್‌ಹೇಗನ್‌ನ ವೈದ್ಯ ಓಲೆ ವೋರ್ಮ್ ಹಲ್ಲು ಅಂಟಿಕೊಂಡೇ ಇದ್ದ ತಲೆಬುರುಡೆ ನೋಡಿ, ಇದು ಕೊಂಬಲ್ಲ, ತಿಮಿಂಗಿಲದ ಹಲ್ಲು ಎಂದು ಹೇಳಿಬಿಟ್ಟ. ಗುಟ್ಟು ರಟ್ಟಾಯಿತು, ವ್ಯಾಪಾರ ನಿಲ್ಲಬೇಕಿತ್ತು ಅಲ್ವಾ? ಅದೇ ದೇಶದಲ್ಲಿ 1671ರಲ್ಲಿ ಡೆನ್ಮಾರ್ಕಿನ ದೊರೆ ಐದನೇ ಕ್ರಿಶ್ಚಿಯನ್ ಪಟ್ಟಕ್ಕೆ ಕೂತ ಸಿಂಹಾಸನವನ್ನು ಅದೇ ಹಲ್ಲುಗಳಿಂದ ಮಾಡಿದ್ದರು. ಯೂನಿಕಾರ್ನ್ ಕೊಂಬಿನ ಸಿಂಹಾಸನ ಎಂದೇ ಅದರ ಖ್ಯಾತಿ.

ಸ್ಕಾಟ್ಲೆಂಡಿನ ಲಾಂಛನ, ಆಕಾಶದ ನಕ್ಷತ್ರಪುಂಜ, ಮಕ್ಕಳ ಪುಸ್ತಕ, ಎಲ್ಲ ಕಡೆಯೂ ಈ ಪ್ರಾಣಿ ಹೊಕ್ಕಿತು. 2013ರಲ್ಲಿ ಅಮೆರಿಕದ ಹೂಡಿಕೆದಾರ್ತಿ ಐಲೀನ್ ಲೀ ನೂರು ಕೋಟಿ ಡಾಲರ್ ಬೆಲೆ ಮುಟ್ಟಿದ ಹೊಸ ಕಂಪನಿಗಳಿಗೆ ಇದೇ ಹೆಸರಿಟ್ಟರು. ಅವರ ಪಟ್ಟಿಯಲ್ಲಿ ಇದ್ದದ್ದು 39. ಅಪರೂಪ ಅಂತಲೇ ಆ ಹೆಸರು. 2022ರ ಮೇ ಹೊತ್ತಿಗೆ ಭಾರತದಲ್ಲೇ ನೂರನೆಯದು ಹುಟ್ಟಿತು, ಅದೂ ಬೆಂಗಳೂರಿನಲ್ಲಿ.

ಈ ಬೆಲೆ ಕಟ್ಟುವ ಲೆಕ್ಕ ಸುಲಭ. ಯಾರಾದರೂ ಹತ್ತು ಕೋಟಿ ಡಾಲರ್ ಕೊಟ್ಟು ಹತ್ತನೇ ಒಂದು ಪಾಲು ಕೊಂಡರೆ, ಇಡೀ ಕಂಪನಿಗೆ ನೂರು ಕೋಟಿ ಅಂತ ಬರೆದುಕೊಳ್ಳುತ್ತಾರೆ. ಮಿಕ್ಕ ಒಂಬತ್ತು ಪಾಲಿಗೆ ಯಾರೂ ಆ ದುಡ್ಡು ಕೊಟ್ಟಿರುವುದಿಲ್ಲ. ಬೆಂಗಳೂರಿನ ಬೈಜೂಸ್‌ಗೆ 2022ರಲ್ಲಿ ಹೀಗೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. ಎರಡೇ ವರ್ಷದಲ್ಲಿ ಅದರ ದೊಡ್ಡ ಹೂಡಿಕೆದಾರ ಪ್ರೋಸಸ್ ತನ್ನ ಪಾಲಿನ ಬೆಲೆ ಸೊನ್ನೆ ಎಂದು ಲೆಕ್ಕಪುಸ್ತಕದಲ್ಲಿ ಬರೆಯಿತು.