ಟೆಕ್ಸಾಸ್: ಅಗ್ಗದ ಜಾಗ, ಆಮೇಲೆ ಬರುವ ಬಿಲ್

2010ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಟೆಕ್ಸಾಸ್‌ನಲ್ಲಿ ಹೆಚ್ಚಿದ ಜನರ ಸಂಖ್ಯೆ 39,99,944. ಇನ್ನು 56 ಜನ ಸೇರಿದ್ದರೆ ಸರಿಯಾಗಿ 40 ಲಕ್ಷ ಆಗುತ್ತಿತ್ತು. ಹುಟ್ಟಿದ ಮಕ್ಕಳು, ಕ್ಯಾಲಿಫೋರ್ನಿಯಾದಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು, ಹೊರದೇಶದಿಂದ ಬಂದವರು ಎಲ್ಲರನ್ನೂ ಕೂಡಿಸಿ, ಸತ್ತವರನ್ನು, ಬಿಟ್ಟು ಹೋದವರನ್ನು ಕಳೆದ ಮೇಲೆ ಉಳಿದ ಲೆಕ್ಕ ಇದು. ಅಮೆರಿಕದ ಬೇರೆ ಯಾವ ರಾಜ್ಯವೂ ಆ ದಶಕದಲ್ಲಿ ಇಷ್ಟು ಜನರನ್ನು ಸೇರಿಸಿಕೊಳ್ಳಲಿಲ್ಲ.

ತಮಾಷೆ ಅಂದರೆ, ಅದೇ ಹತ್ತು ವರ್ಷಗಳಲ್ಲಿ ಟೆಕ್ಸಾಸ್‌ನ 254 ಕೌಂಟಿಗಳಲ್ಲಿ (ಅಂದರೆ ನಮ್ಮ ಜಿಲ್ಲೆಗಳಂಥವು) ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಜನಸಂಖ್ಯೆ ಇಳಿಯಿತು. ಪಶ್ಚಿಮದ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು ಬರೀ 64 ಮಂದಿ. ಅತ್ತ ಡಲ್ಲಾಸ್ ಪಕ್ಕದ ಫ್ರಿಸ್ಕೋ ನೋಡಿ. 1990ರಲ್ಲಿ ಅದು 6,141 ಜನರ ಸಣ್ಣ ಊರು. 2020ರ ಹೊತ್ತಿಗೆ 2,00,509 ಜನ. ರಾಜ್ಯ ಒಂದೇ, ಆದರೆ ಬೆಳವಣಿಗೆ ಬಿದ್ದದ್ದೆಲ್ಲ ಕೆಲವೇ ಊರುಗಳ ಮೇಲೆ.

ದೊಡ್ಡದು ಅಂದರೆ ಎಷ್ಟು ದೊಡ್ಡದು? ಸುಮಾರು 6.95 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಮೂರೂವರೆ ರಾಜ್ಯಗಳು ಒಳಗೆ ಕೂರುತ್ತವೆ. ಜನ ಮಾತ್ರ 2024ರ ಅಂದಾಜಿನಲ್ಲಿ 3.13 ಕೋಟಿ. ಪಶ್ಚಿಮದ ತುದಿಯ ಎಲ್ ಪಾಸೋದವರಿಗೆ ತಮ್ಮದೇ ರಾಜ್ಯದ ಹ್ಯೂಸ್ಟನ್‌ಗಿಂತ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಹತ್ತಿರ. ಗಡಿಯಾರವೂ ಒಂದು ಗಂಟೆ ಬೇರೆ.

ಇಲ್ಲಿಗೆ ಬರಬೇಕೋ ಬೇಡವೋ ಎಂದು ಯೋಚಿಸುವವರು ಸಾಮಾನ್ಯವಾಗಿ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡುತ್ತಾರೆ. ಒಂದು ಕಡೆ ಕೆಲಸ, ಅಗ್ಗದ ಮನೆ, ರಾಜ್ಯದ ಆದಾಯ ತೆರಿಗೆ ಇಲ್ಲ. ಇನ್ನೊಂದು ಕಡೆ ಟ್ರಾಫಿಕ್, ಸುಡುವ ಬೇಸಿಗೆ, ಆಸ್ತಿ ತೆರಿಗೆ, ಕೈಕೊಡುವ ಕರೆಂಟ್. ಇತಿಹಾಸ ಕೆದಕುತ್ತಾ ಹೋದರೆ ನನಗೆ ಕಾಣುವುದು ಒಂದೇ ಪಟ್ಟಿ. ಯಾವುದು ಜನರನ್ನು ಇಲ್ಲಿಗೆ ಎಳೆಯುತ್ತದೋ, ಆಮೇಲೆ ಅವರ ಜೇಬಿಗೆ ಕೈ ಹಾಕುವುದೂ ಅದೇ.

ಕಥೆ ಜಮೀನಿನಿಂದ ಶುರು. 1836ರಲ್ಲಿ ಮೆಕ್ಸಿಕೋದಿಂದ ಬೇರೆಯಾದ ಟೆಕ್ಸಾಸ್ ಒಂಬತ್ತು ವರ್ಷ ಸ್ವಂತ ದೇಶವಾಗಿತ್ತು. 1845ರಲ್ಲಿ ಅಮೆರಿಕಕ್ಕೆ ಸೇರುವಾಗ ಸರ್ಕಾರಿ ಜಮೀನನ್ನೆಲ್ಲ ತನ್ನ ಹತ್ತಿರವೇ ಇಟ್ಟುಕೊಂಡಿತು. ಪಶ್ಚಿಮದ ಇತರ ರಾಜ್ಯಗಳಲ್ಲಿ ಅಂಥ ಜಮೀನು ಕೇಂದ್ರದ ಕೈಯಲ್ಲಿತ್ತು. ಟೆಕ್ಸಾಸ್ ತನ್ನದನ್ನು ಮಾರಿತು, ರೈಲ್ವೆ ಕಂಪನಿಗಳಿಗೆ ಕೊಟ್ಟಿತು, ಶಾಲೆ ಮತ್ತು ವಿಶ್ವವಿದ್ಯಾಲಯದ ಹೆಸರಿಗೆ ಬರೆದಿಟ್ಟಿತು. ಹೀಗಾಗಿ ಇವತ್ತು ರಾಜ್ಯದ ಬಹುಪಾಲು ನೆಲ ಖಾಸಗಿಯವರದ್ದು. ಊರಾಚೆಯ, ದನ ಸಾಕುವ ದೊಡ್ಡ ಜಮೀನಾದ ರ‍್ಯಾಂಚ್ ಕೊಂಡು ಸೈಟ್ ಮಾಡುವುದು ಇಲ್ಲಿ ಸುಲಭ.

ಎರಡನೆಯದು ರಾಜ್ಯದ ಸಂವಿಧಾನ. ಅಮೆರಿಕದ ಅಂತರ್ಯುದ್ಧದ (1861–65) ನಂತರ ಬಂದ ಆಡಳಿತ ಜಾಸ್ತಿ ತೆರಿಗೆ ಹಾಕಿತು, ಅಧಿಕಾರವನ್ನೆಲ್ಲ ಗವರ್ನರ್ (ಅಲ್ಲಿ ನಮ್ಮ ಮುಖ್ಯಮಂತ್ರಿಯಂಥವರು) ಕೈಗೆ ಕೊಟ್ಟಿತು ಎಂಬ ಸಿಟ್ಟು ಜನರಲ್ಲಿತ್ತು. 1876ರಲ್ಲಿ ಜಾರಿಗೆ ಬಂದ ಸಂವಿಧಾನ ಆ ಸಿಟ್ಟಿನ ಕೂಸು. ಸರ್ಕಾರದ ಕೈ ಎಷ್ಟು ಕಟ್ಟಬಹುದೋ ಅಷ್ಟು ಕಟ್ಟಿದರು. ಶಾಸನಸಭೆಯ ಸಾಮಾನ್ಯ ಅಧಿವೇಶನ ಈಗಲೂ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್. ರೈತರ ಕಾಲಕ್ಕೆ ಬರೆದ ಆ ಸಂವಿಧಾನಕ್ಕೆ 500ಕ್ಕೂ ಹೆಚ್ಚು ತಿದ್ದುಪಡಿ ಬಿದ್ದಿವೆ. ಆದರೂ ಅದೇ ನಡೆಯುತ್ತಿದೆ.

ಇಷ್ಟು ಕಡಿಮೆ ಸರ್ಕಾರದಲ್ಲಿ ಇಷ್ಟು ದೊಡ್ಡ ರಾಜ್ಯ ನಡೆದದ್ದು ಹೇಗೆ? ಎಣ್ಣೆ! 1901ರ ಜನವರಿ 10ರಂದು ಬೋಮಾಂಟ್ ಊರಿನ ಹತ್ತಿರ ಸ್ಪಿಂಡಲ್‌ಟಾಪ್ ಬಾವಿ ಚಿಮ್ಮಿತು. ದಿನಕ್ಕೆ ಸುಮಾರು ಒಂದು ಲಕ್ಷ ಬ್ಯಾರೆಲ್. 1914ರಲ್ಲಿ ಹ್ಯೂಸ್ಟನ್‌ನ ಹಡಗು ಕಾಲುವೆ ತೆರೆಯಿತು. 1923ರಲ್ಲಿ ವಿಶ್ವವಿದ್ಯಾಲಯಕ್ಕೆಂದು ಬಿಟ್ಟಿದ್ದ ಬರಡು ನೆಲದಲ್ಲೂ ಎಣ್ಣೆ ಸಿಕ್ಕಿತು. ಎಣ್ಣೆ ಮೇಲಿನ ತೆರಿಗೆ ಬರುತ್ತಿರುವಾಗ ಜನರ ಸಂಬಳದ ಮೇಲೆ ತೆರಿಗೆ ಯಾಕೆ ಬೇಕು? ಎಸಿ ಬಂದ ಮೇಲೆ ಬೇಸಿಗೆಯ ಹೆದರಿಕೆಯೂ ಕಡಿಮೆಯಾಯಿತು. 1958ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್ (ಈಗಿನ ಕಂಪ್ಯೂಟರ್ ಚಿಪ್‌ನ ಮೂಲ) ಮಾಡಿ ತೋರಿಸಿದರು. 1960ರ ದಶಕದಲ್ಲಿ ನಾಸಾ ಹ್ಯೂಸ್ಟನ್‌ಗೆ ಬಂತು.

1986ರಲ್ಲಿ ಎಣ್ಣೆ ಬೆಲೆ ನೆಲಕಚ್ಚಿತು. ರಾಜ್ಯದ ದೊಡ್ಡ ದೊಡ್ಡ ಬ್ಯಾಂಕುಗಳು ಒಂದೊಂದಾಗಿ ಮುಳುಗಿದವು, ಇಲ್ಲವೇ ಬೇರೆಯವರ ಪಾಲಾದವು. ಖಜಾನೆ ಬರಿದಾದಾಗ, 1991ರಲ್ಲಿ, ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಚುನಾಯಿತ ಹುದ್ದೆ) ಬಾಬ್ ಬುಲಕ್ ಧೈರ್ಯ ಮಾಡಿ ಆದಾಯ ತೆರಿಗೆ ಹಾಕೋಣ ಎಂದರು. ಜನ ತಿರುಗಿಬಿದ್ದರು. ಅದರ ಬದಲು ರಾಜ್ಯ ಲಾಟರಿ ಶುರುವಾಯಿತು. ಎರಡೇ ವರ್ಷದಲ್ಲಿ ಅದೇ ಬುಲಕ್, ಜನಮತವಿಲ್ಲದೆ ಆದಾಯ ತೆರಿಗೆ ಹಾಕಲಾಗದಂತೆ ತಿದ್ದುಪಡಿ ತಂದರು. 2019ರಲ್ಲಿ ಮತದಾರರು ಆ ಬಾಗಿಲನ್ನು ಪೂರ್ತಿ ಮುಚ್ಚಿದರು.

ಹಾಗಂತ ತೆರಿಗೆ ಎಲ್ಲಿಗೂ ಹೋಗಲಿಲ್ಲ. ಅಂಗಡಿಯಲ್ಲಿ ಮಾರಾಟ ತೆರಿಗೆ ಶೇ 8.25ರವರೆಗೆ. ಶಾಲೆ, ಕೌಂಟಿ, ಊರಿನ ಖರ್ಚಿಗೆ ಆಸ್ತಿ ತೆರಿಗೆ. ಅದರ ದರ ದೇಶದಲ್ಲೇ ಅತಿ ಜಾಸ್ತಿ ಇರುವ ರಾಜ್ಯಗಳಲ್ಲಿ ಟೆಕ್ಸಾಸ್ ಒಂದು. ಆದಾಯ ತೆರಿಗೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೆಲಸ ಹೋದರೆ ಆದಾಯ ತೆರಿಗೆ ನಿಲ್ಲುತ್ತದೆ, ಆಸ್ತಿ ತೆರಿಗೆ ನಿಲ್ಲುವುದಿಲ್ಲ. ಪಕ್ಕದಲ್ಲಿ ಹೊಸ ಕಂಪನಿ ಬಂದು ಮನೆ ಬೆಲೆ ಏರಿದರೆ, ನಿಮ್ಮ ಸಂಬಳ ಏರದಿದ್ದರೂ ತೆರಿಗೆ ಏರುತ್ತದೆ. ಮನೆ ಮಾರಿದರೆ ತಾನೇ ಆ ಬೆಲೆ ಕೈಗೆ ಸಿಗುವುದು? 2023ರಲ್ಲಿ ಸರ್ಕಾರದ ಬಳಿ ಹಣ ಮಿಕ್ಕಿತ್ತು. ಸ್ವಂತ ವಾಸದ ಮನೆಯ ಬೆಲೆಯಲ್ಲಿ ಶಾಲಾ ತೆರಿಗೆಯಿಂದ ಬಿಡುವ ಮೊತ್ತವನ್ನು 40,000 ಡಾಲರ್‌ನಿಂದ 1,00,000 ಡಾಲರ್‌ಗೆ ಏರಿಸಿದರು. ಬಾಡಿಗೆ ಮನೆಯವರಿಗೆ ಆ ವಿನಾಯಿತಿ ಇಲ್ಲ.

ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರಿಗೆ ಇನ್ನೊಂದು ಪದ ಬೇಗ ಬಾಯಿಪಾಠವಾಗುತ್ತದೆ: ಮಡ್. ಪೂರ್ತಿ ಹೆಸರು ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಊರಿನ ಗಡಿಯಾಚೆ ಬಡಾವಣೆ ಕಟ್ಟುವಾಗ ನೀರು, ಒಳಚರಂಡಿ ಯಾರು ಹಾಕಬೇಕು? ಡೆವಲಪರ್ ಹಾಕುತ್ತಾನೆ. ಮಡ್ ಬಾಂಡ್ ಮೂಲಕ ಸಾಲ ಎತ್ತಿ ಅವನಿಗೆ ಹಣ ಕೊಡುತ್ತದೆ. ಮನೆ ಕೊಂಡವರು ವರ್ಷಗಟ್ಟಲೆ ಆಸ್ತಿ ತೆರಿಗೆಯ ಜೊತೆಗೆ ಆ ಸಾಲ ತೀರಿಸುತ್ತಾರೆ. ಊರು ಕಾಸು ಬಿಚ್ಚಬೇಕಾಗಿಲ್ಲ, ಹಳಬರಿಗೆ ಹೊರೆ ಇಲ್ಲ, ಮನೆಗಳು ಬೇಗ ಏಳುತ್ತವೆ. ಜಾಣತನದ ಏರ್ಪಾಡು ಅನ್ನಲೇಬೇಕು. ಆದರೆ ಮನೆಯ ಬೆಲೆ ಅಗ್ಗ ಅಂತ ಬಂದವರು ಮೊದಲ ತೆರಿಗೆ ಚೀಟಿ ನೋಡಿದಾಗ ತುಸು ಹೊತ್ತು ಸುಮ್ನೆ ಕೂರುತ್ತಾರೆ.

ರಸ್ತೆಗಳದ್ದೂ ಇದೇ ಹಾಡು. ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಗ್ಯಾಲನ್‌ಗೆ 20 ಸೆಂಟ್. 1991ರಿಂದ ಒಂದು ಸೆಂಟ್ ಕೂಡ ಏರಿಲ್ಲ. ಜನ ಏರಿದರು, ಡಾಂಬರಿನ ಬೆಲೆ ಏರಿತು. ಕೊರತೆ ತುಂಬಲು ಟೋಲ್ ರಸ್ತೆಗಳು ಬಂದವು. ಹ್ಯೂಸ್ಟನ್‌ನ ಕೇಟಿ ಫ್ರೀವೇಯನ್ನು ಸುಮಾರು 280 ಕೋಟಿ ಡಾಲರ್ ಸುರಿದು 2008ರಲ್ಲಿ ಅಗಲ ಮಾಡಿದರು. ಪಕ್ಕದ ರಸ್ತೆಗಳನ್ನೂ ಸೇರಿಸಿದರೆ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಮತ್ತೆ ಟ್ರಾಫಿಕ್ ಜಾಮ್. ರಸ್ತೆ ಅಗಲವಾಯಿತು ಅಂತ ಜನ ಇನ್ನೂ ದೂರ ಮನೆ ಕೊಂಡರು, ಅಷ್ಟೇ.

ಕರೆಂಟಿನ ಕಥೆ ಸ್ವಲ್ಪ ಉದ್ದ. 1935ರ ಕಾನೂನು, ರಾಜ್ಯದ ಗಡಿ ದಾಟುವ ವಿದ್ಯುತ್ತಿನ ಮೇಲೆ ಕೇಂದ್ರಕ್ಕೆ ಹಿಡಿತ ಕೊಟ್ಟಿತು. ಟೆಕ್ಸಾಸ್‌ನ ವಿದ್ಯುತ್ ಕಂಪನಿಗಳು ಉಪಾಯ ಮಾಡಿದವು: ಗಡಿ ದಾಟದಿದ್ದರಾಯಿತು. ಹಾಗೆ ಬೆಳೆದ ಒಂಟಿ ಗ್ರಿಡ್ (ವಿದ್ಯುತ್ ಜಾಲ) ಅನ್ನು ಈಗ ಎರ್‌ಕಾಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ರಾಜ್ಯದ ಸುಮಾರು ಶೇ 90ರಷ್ಟು ಬೇಡಿಕೆ ಅದರ ಮೇಲೆ. 2002ರಲ್ಲಿ ಮಾರುಕಟ್ಟೆ ತೆರೆಯಿತು. ಬಹಳ ಊರುಗಳಲ್ಲಿ ಮೊಬೈಲ್ ಪ್ಲಾನ್ ಆರಿಸಿದ ಹಾಗೆ ಕರೆಂಟ್ ಕಂಪನಿ ಆರಿಸಬಹುದು. ಹೊಸ ವಿದ್ಯುತ್ ಸ್ಥಾವರ ಕಟ್ಟುವುದು, ಲೈನ್‌ಗೆ ಜೋಡಿಸುವುದು ಬೇಗ ಆಗುತ್ತದೆ. ಎಣ್ಣೆಯ ಈ ರಾಜ್ಯ ಗಾಳಿ ವಿದ್ಯುತ್ತಿನಲ್ಲಿ ದೇಶಕ್ಕೇ ಮೊದಲು ಬಂದದ್ದಕ್ಕೆ ಇದೂ ಒಂದು ಕಾರಣ.

2011ರ ಫೆಬ್ರವರಿ ಚಳಿಯಲ್ಲಿ ಸ್ಥಾವರಗಳು ಹೆಪ್ಪುಗಟ್ಟಿ ಕರೆಂಟ್ ಹೋಯಿತು. ಚಳಿ ತಡೆಯುವ ವ್ಯವಸ್ಥೆ ಮಾಡಿಕೊಳ್ಳಿ ಎಂದು ಕೇಂದ್ರದ ವರದಿ ಹೇಳಿತು. ಕಡ್ಡಾಯ ಮಾಡುವವರು ಇರಲಿಲ್ಲ. ಹತ್ತು ವರ್ಷಕ್ಕೆ ಸರಿಯಾಗಿ, 2021ರ ಫೆಬ್ರವರಿಯಲ್ಲಿ, ಅದಕ್ಕಿಂತ ದೊಡ್ಡ ಚಳಿ ಬಂತು. 45 ಲಕ್ಷಕ್ಕೂ ಹೆಚ್ಚು ಮನೆಗಳು, ಅಂಗಡಿಗಳು ಕತ್ತಲಾದವು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ಇನ್ನು 4 ನಿಮಿಷ 37 ಸೆಕೆಂಡ್ ತಡವಾಗಿದ್ದರೆ ಇಡೀ ಗ್ರಿಡ್ ಕುಸಿಯುತ್ತಿತ್ತು ಎಂದು ಎರ್‌ಕಾಟ್ ಆಮೇಲೆ ಹೇಳಿತು. ಪಕ್ಕದ ರಾಜ್ಯಗಳಿಂದ ಬೇಕಾದಷ್ಟು ಕರೆಂಟ್ ತರಿಸಿಕೊಳ್ಳಲು ದಾರಿಯೇ ಇರಲಿಲ್ಲ. ಎಲ್ ಪಾಸೋ ಮಾತ್ರ ಹೆಚ್ಚುಕಡಿಮೆ ಪಾರಾಯಿತು. ಅದು ಪಶ್ಚಿಮದ ದೊಡ್ಡ ಗ್ರಿಡ್‌ನಲ್ಲಿದೆ, ಜೊತೆಗೆ 2011ರ ಪಾಠ ಕಲಿತಿತ್ತು. ಸ್ಥಾವರಗಳಿಗೆ ಚಳಿ ರಕ್ಷಣೆ ಕಡ್ಡಾಯವಾದದ್ದು 2021ರ ಸಾವುಗಳ ನಂತರ.

ಹ್ಯೂಸ್ಟನ್‌ಗೆ ಬಂದರೆ ನೀರು ಹೆಚ್ಚಾದ ಕಥೆ. ಯಾವ ಜಾಗದಲ್ಲಿ ಏನು ಕಟ್ಟಬೇಕು ಎಂಬ ಝೋನಿಂಗ್ ನಿಯಮ ಬೇಡವೆಂದು ಅಲ್ಲಿನ ಮತದಾರರು 1948, 1962, 1993ರಲ್ಲಿ ಮೂರು ಸಲ ಹೇಳಿದರು. ಅದರಿಂದ ಮನೆಗಳು ಬೇಗ, ಅಗ್ಗವಾಗಿ ಎದ್ದವು. ಎಲ್ಲೆಲ್ಲಿ ಎದ್ದವು ಅಂದರೆ, 1935ರ ಪ್ರವಾಹದ ನಂತರ ನಗರ ಉಳಿಸಲೆಂದೇ ಕಟ್ಟಿದ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳ ಮುಳುಗಡೆ ಪ್ರದೇಶದ ಅಂಚಿನೊಳಗೂ! ಜಲಾಶಯ ತುಂಬಿದರೆ ನೀರು ನಿಲ್ಲುವ ಜಾಗವನ್ನು ಸರ್ಕಾರ ಪೂರ್ತಿ ಕೊಂಡಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಸಾವಿರಾರು ಕುಟುಂಬಗಳಿಗೆ ತಾವು ಕೆರೆಯ ಅಂಗಳದಲ್ಲಿ ಮನೆ ಕಟ್ಟಿದ್ದೇವೆಂದು ಗೊತ್ತಾಯಿತು.

ನೀರಿನ ಕೊರತೆ ಮಾತ್ರ ಇವೆಲ್ಲಕ್ಕಿಂತ ನಿಧಾನವಾಗಿ ಬರುವ ತೊಂದರೆ. ನನ್ನ ಪ್ರಕಾರ ದೊಡ್ಡದೂ ಇದೇ. 1904ರ ಕೋರ್ಟ್ ತೀರ್ಪಿನ ಪ್ರಕಾರ ನಿಮ್ಮ ಜಮೀನಿನ ಬೋರ್‌ವೆಲ್‌ನಿಂದ ಎಷ್ಟು ಬೇಕಾದರೂ ನೀರೆತ್ತಬಹುದು, ಪಕ್ಕದವನ ಬಾವಿ ಬತ್ತಿದರೂ ಸರಿ. ಈ ನಿಯಮ ಬುಡದಲ್ಲಿ ಇನ್ನೂ ಹಾಗೇ ಇದೆ. 1950ರ ದಶಕದಲ್ಲಿ ಏಳು ವರ್ಷ ಬರ ಬಿತ್ತು. 1956ರಲ್ಲಿ ಸ್ಯಾನ್ ಆಂಟೋನಿಯೋ ಹತ್ತಿರದ ಕೊಮಾಲ್ ಚಿಲುಮೆಗಳು ತಿಂಗಳುಗಟ್ಟಲೆ ಬತ್ತಿದವು. ಮರುವರ್ಷ ರಾಜ್ಯ ನೀರು ಅಭಿವೃದ್ಧಿ ಮಂಡಳಿ ಹುಟ್ಟಿತು, ಅಣೆಕಟ್ಟುಗಳು ಬಂದವು. ಆದರೆ ಸ್ಯಾನ್ ಆಂಟೋನಿಯೋ ನಂಬಿಕೊಂಡ ಎಡ್ವರ್ಡ್ಸ್ ಅಂತರ್ಜಲಕ್ಕೆ ಕಡಿವಾಣ ಬೀಳಲು 1993ರವರೆಗೆ ಕಾಯಬೇಕಾಯಿತು. ಅದೂ ಚಿಲುಮೆಯಲ್ಲಿ ಬದುಕುವ ಪುಟ್ಟ ಮೀನಿನಂಥ ಜೀವಿಗಳ ಪರವಾಗಿ ಕೇಂದ್ರದ ಕೋರ್ಟಿನಲ್ಲಿ ಕೇಸು ಗೆದ್ದ ಮೇಲೆ. ಮನುಷ್ಯರ ಬಾವಿ ಬತ್ತಿದಾಗ ಆಗದ್ದು ಮೀನಿನ ಹೆಸರಲ್ಲಿ ಆಯಿತು. 2022ರ ರಾಜ್ಯ ನೀರು ಯೋಜನೆ 2070ಕ್ಕೆ 5.15 ಕೋಟಿ ಜನರನ್ನು ಲೆಕ್ಕ ಹಾಕಿದೆ. ನೆಲದಡಿಯ ನೀರು ಜನರ ಜೊತೆ ಬೆಳೆಯುವುದಿಲ್ಲ, ಅಲ್ವಾ?

ಇಷ್ಟೆಲ್ಲ ಇದ್ದೂ ಜನ ಬರುತ್ತಲೇ ಇದ್ದಾರೆ, ದಡ್ಡರೇನಲ್ಲ. ಟೊಯೋಟಾ ತನ್ನ ಅಮೆರಿಕದ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದಿಂದ ಪ್ಲೇನೋಗೆ ತಂದಿತು. 2021ರಲ್ಲಿ ಟೆಸ್ಲಾ ಆಸ್ಟಿನ್‌ಗೆ ಬಂತು. ಆಸ್ಟಿನ್‌ನಲ್ಲಿ ಕೋವಿಡ್ ಹೊತ್ತಿಗೆ ಮನೆ ಬೆಲೆ, ಬಾಡಿಗೆ ಎರಡೂ ಹುಚ್ಚಾಪಟ್ಟೆ ಏರಿದವು. ಆದರೆ ಅಲ್ಲಿ ಕಟ್ಟುವುದು ನಿಲ್ಲಲಿಲ್ಲ. ಸಾವಿರಾರು ಹೊಸ ಅಪಾರ್ಟ್‌ಮೆಂಟ್‌ಗಳು ಬಂದವು, ಆಮೇಲೆ ಬಾಡಿಗೆ ಇಳಿಯಿತು. ಜನ ಹೆಚ್ಚುತ್ತಿರುವ ಊರಲ್ಲಿ ಬಾಡಿಗೆ ಇಳಿಯುವುದು ಸಣ್ಣ ಮಾತಲ್ಲ. ನಿಯಮ ಸಡಿಲ ಇದ್ದರೆ ಏನು ಲಾಭ ಎಂದು ಕೇಳುವವರಿಗೆ ಇದೇ ಉತ್ತರ.

ಬೆಳವಣಿಗೆಯ ಆಚೆ ಉಳಿದವರಿಗೆ ಆ ಲಾಭ ಕಾಣುವುದು ಕಷ್ಟ. ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ದೇಶದಲ್ಲೇ ಟೆಕ್ಸಾಸ್‌ನಲ್ಲಿ ಅತಿ ಹೆಚ್ಚು. ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಯೋಜನೆಯನ್ನು ವಿಸ್ತರಿಸಲು ರಾಜ್ಯ ಒಪ್ಪಿಲ್ಲ. ಹಳ್ಳಿ ಕಡೆ ಆಸ್ಪತ್ರೆಗಳು ಮುಚ್ಚುತ್ತಿವೆ. ಅಲ್ಲಿ ರಾಜ್ಯ ದೊಡ್ಡದು ಅಂದರೆ ಹೆರಿಗೆಗೆ ಹೋಗುವ ದಾರಿ ದೂರ ಎಂದೇ ಅರ್ಥ.

ಡಲ್ಲಾಸ್‌ನ ಉತ್ತರಕ್ಕೆ, ಫ್ರಿಸ್ಕೋದಿಂದ ಪೂರ್ವಕ್ಕೆ ಹೋದರೆ ಪ್ರಿನ್ಸ್‌ಟನ್ ಎಂಬ ಊರು ಸಿಗುತ್ತದೆ. 2010ರಲ್ಲಿ 6,807 ಜನ, 2020ರಲ್ಲಿ 17,027. ಫ್ರಿಸ್ಕೋದಲ್ಲಿ ಮನೆ ಕೈಗೆಟುಕದವರು ಇಲ್ಲಿಗೆ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಊರಿನ ಕೌನ್ಸಿಲ್ ಕೈಚೆಲ್ಲಿತು. ನೀರು, ಒಳಚರಂಡಿ, ರಸ್ತೆ, ಪೊಲೀಸ್ ಯಾವುದೂ ಸಾಲುತ್ತಿಲ್ಲ, ಹೊಸ ವಸತಿ ಯೋಜನೆಗಳಿಗೆ ಸದ್ಯಕ್ಕೆ ತಡೆ ಎಂದು ತೀರ್ಮಾನಿಸಿತು. ಅದಕ್ಕೂ ಮೊದಲೇ ಒಪ್ಪಿಗೆ ಪಡೆದವರು ಕಟ್ಟುತ್ತಲೇ ಹೋದರು. 2025ರ ಮೇ ತಿಂಗಳಲ್ಲಿ ಜನಗಣತಿ ಇಲಾಖೆ ಹೊಸ ಅಂದಾಜು ಬಿಟ್ಟಿತು. ಪ್ರಿನ್ಸ್‌ಟನ್‌ನಲ್ಲಿ 37,019 ಜನ, 20,000ಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ಆಗ ಇಡೀ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆಯುತ್ತಿದ್ದ ಊರು.