ಗುಡ್ಡಕ್ಕೆ ಬೆಂಕಿ ಬಿದ್ದಾಗ ಮಾಡಿನ ಮೇಲೆ ಸ್ಪ್ರಿಂಕ್ಲರ್ ಬಿಟ್ಟರೆ ಸಾಕಾ?

ಓದುಗರ ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಹಳೇ ಹೆಂಚಿನ ಮನೆ. ಸುತ್ತ ಕಾಫಿ ತೋಟ, ಹಿಂದೆ ಹುಲ್ಲಿನ ಗುಡ್ಡ. ಮಾರ್ಚ್ ಬಂತೆಂದರೆ ಯಾರಾದರೂ ಗುಡ್ಡಕ್ಕೆ ಬೆಂಕಿ ಹಾಕುತ್ತಾರೆ. ಹೂವಿಗೆ ನೀರು ಕೊಡುವ ಸ್ಪ್ರಿಂಕ್ಲರ್ ಹೇಗೂ ಇದೆ. ಅವತ್ತು ಅದನ್ನೇ ಮಾಡಿನ ಮೇಲೆ ತಿರುಗಿಸಿಬಿಟ್ಟರೆ ಮನೆ ಉಳಿಯುತ್ತೆ ಅಲ್ವಾ?

ಉಳಿಯಬಹುದು. ಆದರೆ ಅದೊಂದನ್ನೇ ನಂಬಿ ಕೂತರೆ ಕೆಲಸ ಕೆಡುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಮೊದಲ ಮಳೆ ಬೀಳುವ ತನಕ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲನೆಯದಾಗಿ ಹೆಂಚು ಸುಡುವುದಿಲ್ಲ. ಅದು ಆಗಲೇ ಒಂದು ಸಲ ಭಟ್ಟಿಯಲ್ಲಿ ಬೆಂದು ಬಂದ ಮಣ್ಣು. ಸುಡುವುದು ಅದರ ಕೆಳಗಿನ ಮರದ ರೀಪು, ಪಕಾಸಿ, ಅಟ್ಟದ ಗೋಣಿಚೀಲ. ಅಂದರೆ ನೀವು ನೀರು ಹಾಕುತ್ತಿರುವುದು ಸುಡದೇ ಇರುವ ವಸ್ತುವಿಗೆ! ಬಿಸಿಗಾಳಿಗೆ ಆ ನೀರೂ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ, ಮತ್ತೆ ಹಾಕಬೇಕು. ಮೋಟಾರಿಗೆ ಕರೆಂಟ್ ಬೇಕು. ಗುಡ್ಡ ಉರಿಯುವ ಹೊತ್ತಿನಲ್ಲಿ ಕರೆಂಟ್ ಇರುತ್ತದೆ ಅನ್ನುವ ಧೈರ್ಯ ನನಗಂತೂ ಇಲ್ಲ, ಸುಮ್ನೆ ಗಾಳಿ ಬೀಸಿದರೇ ಹೋಗುವ ಕರೆಂಟ್ ಅದು.

ಹಾಗಾದರೆ ಮನೆಗೆ ಬೆಂಕಿ ಹೇಗೆ ಬರುತ್ತದೆ? ಎರಡು ವರ್ಷದ ಹಿಂದೆ ನಮ್ಮ ಮನೆ ಎದುರಿನ ಗುಡ್ಡ ಹತ್ತಿಕೊಂಡಿತ್ತು. ಮಧ್ಯಾಹ್ನದಿಂದ ಸಂಜೆ ತನಕ ನಾನು ಪೈಪು ಹಿಡಿದು ಜಗಲಿಯಲ್ಲೇ ನಿಂತಿದ್ದೆ, ಕಣ್ಣೆಲ್ಲ ಗುಡ್ಡದ ಮೇಲೆ. ಬೆಂಕಿ ಕೆಳಗಿನ ರಸ್ತೆ ದಾಟಲಿಲ್ಲ. ಆಳುಗಳೂ ಮನೆಗೆ ಹೋದರು. ಕೈಕಾಲು ತೊಳೆದು ಕಾಫಿಗೆ ಕೂತಾಗ ಅಮ್ಮ, 'ನಾರು ಸುಟ್ಟ ವಾಸನೆ ಬರ್ತಿದೆ ಕಣೋ' ಅಂದರು. ಹೋಗಿ ನೋಡಿದರೆ ಹಿಂಬಾಗಿಲ ಹತ್ತಿರ ಹಾಸಿದ್ದ ತೆಂಗಿನ ನಾರಿನ ಕಾಲೊರಸು! ಹಳೇ ಎಂಟಾಣೆ ಅಗಲದ ತೂತು, ಅದರ ಅಂಚು ಕೆಂಪಗೆ, ಜ್ವಾಲೆ ಇಲ್ಲ, ಸದ್ದಿಲ್ಲ. ಪಕ್ಕದಲ್ಲೇ ಒಂದು ಚೀಲ ತೆಂಗಿನ ಕರಟ, ಒರಗಿಸಿಟ್ಟ ಪೊರಕೆ, ಅದಕ್ಕೆ ತಾಗಿಕೊಂಡೇ ಮರದ ಬಾಗಿಲು. ನಾನು ಕಾಯುತ್ತಿದ್ದ ಬೆಂಕಿ ಅರ್ಧ ಮೈಲಿ ದೂರದಲ್ಲೇ ನಿಂತಿತ್ತು, ಮನೆ ಸುಡುವ ಬೆಂಕಿ ಗಾಳಿಯಲ್ಲಿ ಹಾರಿ ಹಿತ್ತಲಿಗೆ ಬಂದು ಕೂತಿತ್ತು.

ಬೇರೆ ದೇಶಗಳಲ್ಲಿ ಕಂಡಿರುವುದೂ ಇದೇ. 2018ರ ನವೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಡೈಸ್ ಅನ್ನುವ ಊರೇ ಸುಟ್ಟುಹೋಯಿತು. 85 ಜನ ಸತ್ತರು, 18 ಸಾವಿರಕ್ಕೂ ಜಾಸ್ತಿ ಕಟ್ಟಡ ನಾಶವಾದವು. ಆಮೇಲೆ ತೆಗೆದ ಫೋಟೋಗಳಲ್ಲಿ ಎಷ್ಟೋ ಕಡೆ ಮನೆ ಪೂರ್ತಿ ಬೂದಿ, ಪಕ್ಕದ ಮರ ಮಾತ್ರ ಹಸಿರಾಗಿ ನಿಂತಿದೆ. ಕಾಡಿನ ಜ್ವಾಲೆಯೇ ಬಂದು ಸುಟ್ಟಿದ್ದರೆ ಮರ ಉಳಿಯುತ್ತಿತ್ತಾ? ಅಲ್ಲಿನ ಅರಣ್ಯ ಇಲಾಖೆಯಲ್ಲಿ ಬೆಂಕಿಯ ವಿಜ್ಞಾನಿಯಾಗಿದ್ದ ಜ್ಯಾಕ್ ಕೋಹೆನ್ ವರ್ಷಗಟ್ಟಲೆ ಇದನ್ನೇ ಹೇಳಿದವರು. ದೊಡ್ಡ ಕಾಡ್ಗಿಚ್ಚಿನ ಕಾವಿಗೂ ಮರದ ಗೋಡೆ ತಾನಾಗಿ ಹತ್ತಿಕೊಳ್ಳಬೇಕಾದರೆ ಜ್ವಾಲೆ ಸುಮಾರು 30 ಮೀಟರ್ ಒಳಗೆ ಬರಬೇಕು. ಅದಕ್ಕಿಂತ ದೂರದ ಬೆಂಕಿಗೆ ಮನೆ ಸುಟ್ಟರೆ ಅದು ಕಿಡಿಯ ಕೆಲಸ. ಹಾಗಾಗಿ ಮನೆಯನ್ನೂ ಅದರ ಸುತ್ತಲಿನ ಜಾಗವನ್ನೂ ಮೊದಲು ನೋಡಿಕೊಳ್ಳಿ ಅಂತ ಅವರ ವಾದ.

ಈಗ ನಮ್ಮ ಕಡೆ ಮನೆಗಳನ್ನು ಆ ಕಣ್ಣಿಂದ ನೋಡಿ. ಎದುರಿಗೆ ಕಣ. ಕಾಫಿ ಒಣಗಿಸಲು ಅಂತ ಮಾಡಿದ್ದೇ ಆದರೂ ಒಂದು ಹುಲ್ಲುಕಡ್ಡಿ ಇಲ್ಲದ ಅಷ್ಟಗಲ ಸಿಮೆಂಟು ನೆಲ ಮನೆ ಮುಂದೆ ಇದ್ದರೆ ನೆಲದ ಮೇಲೆ ಹರಿದು ಬರುವ ಬೆಂಕಿ ಅಲ್ಲೇ ನಿಲ್ಲುತ್ತದೆ. ಮುಂಭಾಗ ದೇವರು ಕೊಟ್ಟ ಬೆಂಕಿ ರೇಖೆ ಇದ್ದ ಹಾಗೆ. ಮಜಾ ಇರುವುದು ಹಿಂದೆ. ಹಿತ್ತಲ ಗೋಡೆಗೆ ಒಟ್ಟಿದ ಸೌದೆ, ಬಚ್ಚಲ ಒಲೆಗೆ ಅಂತ ತಂದು ಹಾಕಿದ ಕಾಫಿ ರೆಂಬೆ, ಹರಿದ ಟಾರ್ಪಾಲು, ಅಡಿಕೆ ಹಾಳೆ, ಖಾಲಿ ಗೊಬ್ಬರದ ಚೀಲ, ಇವೆಲ್ಲದರ ಮೇಲೆ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಎಲೆ. ಸಿಲ್ವರ್ ಎಲೆ ಉದುರುವುದೂ ಬೇಸಿಗೆಯಲ್ಲೇ. ಒಣಗಿದರೆ ಹಪ್ಪಳ. ಅದು ಹೆಂಚಿನ ಸಂದಿಯಲ್ಲಿ, ಮಳೆನೀರು ಹರಿಯುವ ದಂಬೆಯಲ್ಲಿ ಬಂದು ಕೂರುತ್ತದೆ, ಮೇ ತಿಂಗಳ ತನಕ ಯಾರೂ ಅದನ್ನು ತೆಗೆಯುವುದಿಲ್ಲ. ಯಾಕೆಂದರೆ ದಂಬೆ ನಮಗೆ ನೆನಪಾಗುವುದು ಮಳೆಗಾಲಕ್ಕೆ. ಈ ಒಂದು ಕೆಲಸವನ್ನು ಫೆಬ್ರವರಿಗೆ ತನ್ನಿ.

ಗೋಡೆಯಿಂದ ಐದಡಿ ಒಳಗೆ ಸುಡುವಂಥದ್ದು ಏನೂ ಬೇಡ. ಬರೀ ಮಣ್ಣು, ಜಲ್ಲಿ, ಕಲ್ಲು ಚಪ್ಪಡಿ ಇರಲಿ. ಸೌದೆ ರಾಶಿಯನ್ನು ಮೂವತ್ತು ಅಡಿ ಆಚೆ ಹಾಕಿದರೆ ಒಳ್ಳೆಯದು, ಮನೆಯವರು ಬೈಯುತ್ತಾರೆ ನಿಜ, ಎರಡು ದಿನಕ್ಕಾಗುವಷ್ಟು ಒಳಗಿಟ್ಟುಕೊಳ್ಳಲಿ. ಅದೇ ಮೂವತ್ತು ಅಡಿಯೊಳಗೆ ತರಗೆಲೆ ಗುಡಿಸಿ, ಹುಲ್ಲು ಕತ್ತರಿಸಿ, ಮಾಡಿಗೆ ತಾಗುವ ಕೊಂಬೆ ತೆಗೆಸಿ. ಇಡೀ ತೋಟದ ಎಲೆ ಗುಡಿಸಿ ಅಂತ ಹೇಳುತ್ತಿಲ್ಲ, ಕಾಫಿ ಗಿಡದ ಬುಡಕ್ಕೆ ಅದು ಬೇಕು. ಮನೆ ದಿಣ್ಣೆಯ ಮೇಲಿದ್ದರೆ ಇಳಿಜಾರಿನ ಕಡೆ ಇನ್ನೂ ಜಾಸ್ತಿ ಜಾಗ ಸ್ವಚ್ಛ ಮಾಡಬೇಕು. ಬೆಂಕಿ ಏರು ಹತ್ತುವುದರಲ್ಲಿ ಶೂರ, ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಅದರ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಬೆಂಕಿ ಆರಿಸುವವರ ಲೆಕ್ಕ.

ಹುಲ್ಲು ಹೊಡೆಸುವುದಿದ್ದರೆ ಡಿಸೆಂಬರ್, ಜನವರಿಯಲ್ಲೇ ಹೊಡೆಸಿ. ಮಾರ್ಚ್ ಮಧ್ಯಾಹ್ನ ಒಣಹುಲ್ಲಿನಲ್ಲಿ ವೀಡ್ ಕಟರ್ ಓಡಿಸಿದರೆ ಬ್ಲೇಡು ಕಲ್ಲಿಗೆ ಬಡಿದು ಹಾರುವ ಕಿಡಿಯೇ ಸಾಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹುಯ್ಯುವುದು ಇನ್ನೊಂದು ಚಟ. ನಾವೇ ಒಂದು ಸುತ್ತು ಸುಟ್ಟು ಬೆಂಕಿ ರೇಖೆ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ನನ್ನದು ಕೈಮುಗಿದು ಒಂದೇ ಮಾತು, ಬೇಡ. ಅರಣ್ಯ ಇಲಾಖೆಯವರು ಬೇಸಿಗೆ ಬಲಿಯುವ ಮೊದಲೇ, ಜನ ನೀರು ಇಟ್ಟುಕೊಂಡು ಮಾಡುವ ಕೆಲಸ ಅದು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲಿ ಕಾಡಿನ ಬೆಂಕಿ ಆರಿಸಲು ಹೋಗಿ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ತರಬೇತಿ ಇದ್ದವರಿಗೇ ಹೀಗಾದರೆ ನಮ್ಮ ಗತಿ ಏನು?

ಅಟ್ಟದ ಕಥೆ ಬೇರೆಯೇ. ಮಂಗಳೂರು ಹೆಂಚಿನ ಸಂದಿಯಲ್ಲಿ ಬೆಳಕು ಬರುತ್ತದೆ ಅಂದರೆ ಕಿಡಿಯೂ ಬರುತ್ತದೆ. ಒಡೆದ ಹೆಂಚು ಬದಲಾಯಿಸಿ, ಗಾಳಿ ಕಿಂಡಿಗಳಿಗೆ ಒತ್ತಾದ ಕಬ್ಬಿಣದ ಜಾಲರಿ ಹೊಡೆಸಿ. ಪ್ಲಾಸ್ಟಿಕ್ ಸೊಳ್ಳೆ ಪರದೆ ಕರಗಿಹೋಗುತ್ತದೆ. ಇಲಿ ಗೂಡು, ಮಸಿ ಹಿಡಿದ ಜೇಡರ ಬಲೆ, ಹತ್ತು ವರ್ಷದ ಪೇಪರ್ ಕಟ್ಟು ಖಾಲಿ ಮಾಡಿ. ಅರಸೀಕೆರೆ ಕಡೆಯವರಿಗೆ ಇದು ಇನ್ನೂ ಕಷ್ಟ, ಉಂಡೆ ಕೊಬ್ಬರಿಗೆ ಅಂತ ತಿಂಗಳುಗಟ್ಟಲೆ ಕಾಯಿ ಇರುವುದೇ ಅಟ್ಟದಲ್ಲಿ, ಅಲ್ಲಿ ಒಂದು ಕಿಡಿ ಬಿದ್ದರೆ ಎಣ್ಣೆಗೆ ಬಿದ್ದ ಹಾಗೆ. ಆ ಕಡೆ ಇನ್ನೊಂದು ನೋಡಿಕೊಳ್ಳಬೇಕಾದ್ದು ಹುಲ್ಲಿನ ಬಣವೆ. ಕರೆಂಟ್ ತಂತಿ ಕೆಳಗೆ ಬಣವೆ ಒಟ್ಟಬೇಡಿ. ಗಾಳಿಗೆ ಎರಡು ತಂತಿ ಉಜ್ಜಿ ಕಿಡಿ ಉದುರುವುದನ್ನು ಎಲ್ಲರೂ ಕಂಡಿದ್ದೇವೆ. ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಹೇಳಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಬಚ್ಚಲ ಒಲೆಯ ಬೂದಿಯೂ ಕಡಿಮೆಯದ್ದಲ್ಲ. ಮೇಲೆ ಬೆಳ್ಳಗೆ ತಣ್ಣಗೆ ಕಂಡರೂ ಒಳಗೆ ಕೆಂಡ ಮಾರನೇ ದಿನಕ್ಕೂ ಜೀವ ಇಟ್ಟುಕೊಂಡಿರುತ್ತದೆ. ನೇರ ತಿಪ್ಪೆಗೆ ಸುರಿಯಬೇಡಿ, ನೀರು ಹಾಕಿ ಕಲಸಿ ಆಮೇಲೆ ಸುರಿಯಿರಿ.

ಈಗ ನಿಮ್ಮ ಸ್ಪ್ರಿಂಕ್ಲರಿಗೆ ಬರೋಣ. ಇಷ್ಟೆಲ್ಲ ಮಾಡಿದ ಮೇಲೆ ಅದು ನಿಜಕ್ಕೂ ಉಪಯೋಗದ ವಸ್ತು, ಡೀಸೆಲ್ ಎಂಜಿನ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಮಾಡಿನ ನೆತ್ತಿಗೆ ಬಿಡುವ ಬದಲು ಮನೆಗೂ ಗುಡ್ಡಕ್ಕೂ ನಡುವಿನ ನೆಲಕ್ಕೆ, ಕೊಟ್ಟಿಗೆ ಬದಿಗೆ ಬಿಡಿ, ಅದೂ ಬೆಂಕಿ ಬರುವ ಮೊದಲೇ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಬೆನ್ನಿನ ಕ್ಯಾನ್ ತೊಳೆದು ನೀರು ತುಂಬಿಸಿಟ್ಟುಕೊಳ್ಳಿ, ಅಲ್ಲಲ್ಲಿ ಬಿದ್ದ ಕಿಡಿಗೆ ಅದರಷ್ಟು ಅನುಕೂಲದ್ದು ಬೇರೆ ಇಲ್ಲ. ನಾಲ್ಕು ಮೂಲೆಗೆ ಡ್ರಮ್ಮಲ್ಲಿ ನೀರು, ಬಕೆಟ್, ನೆನೆಸಿದ ಗೋಣಿಚೀಲ ಇರಲಿ.

ಬೆಂಕಿ ಹತ್ತಿರ ಬರುತ್ತಿದೆ ಅನ್ನಿಸಿದರೆ 112 ಅಥವಾ 101ಕ್ಕೆ ಫೋನ್ ಮಾಡಿ, ಕಾಡಿನ ಬೆಂಕಿಗೆ ಅರಣ್ಯ ಇಲಾಖೆಯ 1926 ಇದೆ. ಒಬ್ಬರನ್ನು ಬೈಕಲ್ಲಿ ಮೇನ್ ರೋಡಿಗೆ ಕಳಿಸಿ, ಯಾವ ತೋಟದ ಗೇಟು ಅಂತ ಗಾಡಿಯವರಿಗೆ ಕತ್ತಲಲ್ಲಿ ಗೊತ್ತಾಗುವುದಿಲ್ಲ. ದನ ಬಿಚ್ಚಿ, ನಾಯಿ ಬಿಚ್ಚಿ. ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಮುಚ್ಚಿ ಪರದೆ ಎಳೆದು ತೆಗೆಯಿರಿ. ಬಾಗಿಲ ಸಂದಿಗೆ ಒದ್ದೆ ಗೋಣಿ. ಹತ್ತಿ ಬಟ್ಟೆ, ಮೈ ತುಂಬಾ. ವಯಸ್ಸಾದವರು, ಮಕ್ಕಳು ಮೊದಲೇ ಹೊರಡಲಿ, ಹೊಗೆ ರಸ್ತೆಗೆ ಇಳಿದ ಮೇಲೆ ಹೊರಡುವುದು ಮನೆಯಲ್ಲಿ ಇರುವುದಕ್ಕಿಂತ ಅಪಾಯ.

ಬೆಂಕಿ ದಾಟಿಹೋಯಿತು ಅಂತ ಪೇಟೆಗೆ ಹೋಗಿ ಮಲಗಬೇಡಿ, ಅಕ್ಕಪಕ್ಕ ಸುರಕ್ಷಿತ ಅಂತ ಖಾತ್ರಿಯಾದ ಮೇಲೆ ಮನೆಗೆ ಬಂದು ಒಂದು ರಾತ್ರಿ ಎಚ್ಚರ ಇರಬೇಕು. ಎಷ್ಟೋ ಮನೆ ಸುಟ್ಟಿರುವುದು ಜ್ವಾಲೆ ಹೋಗಿ ಗಂಟೆಗಳಾದ ಮೇಲೆ. ದಂಬೆ, ಸೌದೆ ಕೊಟ್ಟಿಗೆ, ಹಿಂಬಾಗಿಲು, ಅಟ್ಟ, ಗಂಟೆಗೊಂದು ಸಲ ಸುತ್ತು ಹೊಡೆಯಿರಿ. ಅಟ್ಟಕ್ಕೆ ಟಾರ್ಚ್ ಹಿಡಿದು ಹತ್ತಿ, ಹತ್ತಿದ ಮೇಲೆ ಟಾರ್ಚ್ ಆರಿಸಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಕೆಂಡ ಕಾಣುವುದು ಕತ್ತಲಲ್ಲಿ.